‘ಮಾನಸಿಕ ಅಸ್ವಸ್ಥರು ಯಾರೂ ಇಲ್ಲ’ ಎಂಬ ಜೈಲು ವರದಿ ತಲುಪುವವರಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಅಧ್ಯಕ್ಷರು ಮತ್ತು ಸದಸ್ಯರು,
ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗಳು, ಕರ್ನಾಟಕ
(ಪ್ರತಿ: ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ)

ವಿಷಯ: ಜೈಲುಗಳಲ್ಲಿರುವ ಮಾನಸಿಕ ಕಾಯಿಲೆಯವರ ಚಿಕಿತ್ಸೆಯನ್ನು ಹೊರಗಿನವರು ಬಂದು ನೋಡಬೇಕೆಂದು ಕೋರಿ

ಮಾನ್ಯರೇ,

ನನ್ನ ಹತ್ತಿರ ಎರಡು ಕಾಗದ ಇವೆ. ಒಂದು, ನಾನು ಹಾಕಿದ ಮಾಹಿತಿ ಹಕ್ಕಿನ ಅರ್ಜಿಗೆ ನಮ್ಮ ಕಡೆಯ ಜೈಲೊಂದು ಕೊಟ್ಟ ಉತ್ತರ. ಅದರ ಜೊತೆ, ಮಾನಸಿಕ ಕಾಯಿಲೆಯವರ ಅರ್ಜಿ, ದೂರು ಕೇಳಲು ಕಾಯ್ದೆಯಡಿ ಇರುವ ನಿಮ್ಮ ಪರಿಶೀಲನಾ ಮಂಡಳಿಗೆ ಜೈಲು ಮೂರು ತಿಂಗಳಿಗೊಮ್ಮೆ ಕಳಿಸುವ ವರದಿಯ ನಕಲು ಇದೆ. ‘ಸದರಿ ಕಾರಾಗೃಹದಲ್ಲಿ ಮಾನಸಿಕ ಅಸ್ವಸ್ಥ ಬಂದಿಗಳು ಯಾರೂ ಇರುವುದಿಲ್ಲ.’ ಇಷ್ಟೇ. ಕೆಳಗೆ ವೈದ್ಯಾಧಿಕಾರಿಯ ಸಹಿ, ಸೀಲು. ಇನ್ನೊಂದು, ಅದೇ ಮೂರು ತಿಂಗಳ ನಡುವೆ ಒಂದು ದಿನ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಬರೆದುಕೊಟ್ಟ ಒಪಿಡಿ ಚೀಟಿ. ಅದರಲ್ಲಿ ನನ್ನ ತಮ್ಮನ ಹೆಸರಿದೆ, ಸ್ಕಿಜೋಫ್ರೇನಿಯಾ ಎಂದು ಕಾಯಿಲೆಯ ಹೆಸರಿದೆ, ಕೆಳಗೆ ಮೂರು ಔಷಧಿ ಇವೆ. ಚೀಟಿಯ ಹಿಂಬದಿಯಲ್ಲಿ ಜೈಲಿನ ಅದೇ ವೈದ್ಯಾಧಿಕಾರಿಯ ಸಹಿ, ಅದೇ ಸೀಲು.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ. ಆ ಡಾಕ್ಟರ ಮೇಲೆ ಕ್ರಮ ಆಗಲಿ ಎಂದು ಈ ಪತ್ರ ಬರೆಯುತ್ತಿಲ್ಲ. ಅವರು ನನ್ನ ಜೊತೆ ಒಂದು ದಿನವೂ ಒರಟಾಗಿ ಮಾತಾಡಿದವರಲ್ಲ. ಅವರಿಗೆ ಬೇರೆ ಕಡೆ ಡ್ಯೂಟಿ ಇತ್ತು, ಅದರ ಜೊತೆಗೆ ಜೈಲನ್ನೂ ನೋಡಿಕೊಳ್ಳಿ ಎಂದು ತಲೆಗೆ ಕಟ್ಟಿದ್ದರು. ವಾರದಲ್ಲಿ ಒಂದೆರಡು ದಿನ ಬಂದು ಜ್ವರ, ಕಜ್ಜಿ, ಶುಗರ್ ನೋಡಿ ಹೋಗುತ್ತಿದ್ದರು. ನನ್ನ ಪ್ರಶ್ನೆ ನಿಮಗೆ. ಆ ಒಂದು ಸಾಲಿನ ವರದಿ ಬಂದು ಸೇರುವುದು ನಿಮ್ಮ ಮಂಡಳಿಗಳಿಗೆ. ಇಷ್ಟೊಂದು ಜನರಿರುವ ಜೈಲಿನಲ್ಲಿ ಒಬ್ಬರಿಗೂ ಮಾನಸಿಕ ಕಾಯಿಲೆ ಇಲ್ಲವೇ, ನಿಜವಾ ಅಂತ ಅದನ್ನು ಓದಿದ ಯಾರಾದರೂ ಕೇಳಿದರೇ?

ನನ್ನ ಬಗ್ಗೆ ಎರಡು ಮಾತು. ತಾಲ್ಲೂಕು ಕಚೇರಿ ಎದುರು ಜೆರಾಕ್ಸ್ ಅಂಗಡಿ ಇಟ್ಟುಕೊಂಡಿದ್ದೇನೆ. ತಮ್ಮನಿಗೆ ಕಾಯಿಲೆ ಶುರುವಾಗಿದ್ದು ಐಟಿಐ ಓದುವಾಗ. ಮಾತ್ರೆ ತಗೊಂಡಷ್ಟು ಕಾಲ ಗ್ಯಾರೇಜಿನಲ್ಲಿ ಕೆಲಸ ಮಾಡಿಕೊಂಡು, ಸಂಜೆ ಅಂಗಡಿಗೆ ಬಂದು ಸ್ಪೈರಲ್ ಬೈಂಡಿಂಗಿಗೆ ಕೈ ಹಾಕುತ್ತಿದ್ದ. ಅಪ್ಪ ತೀರಿಕೊಂಡ ಮೇಲೆ ಮಾತ್ರೆ ಬಿಟ್ಟ. ನಮಗೆ ಗೊತ್ತಾಗುವ ಹೊತ್ತಿಗೆ, ಪಕ್ಕದ ಮನೆಯವರು ತನ್ನ ಊಟಕ್ಕೆ ಏನೋ ಬೆರೆಸುತ್ತಿದ್ದಾರೆ ಎಂದು ಗಟ್ಟಿಯಾಗಿ ನಂಬಿಬಿಟ್ಟಿದ್ದ. ಒಂದು ಬೆಳಿಗ್ಗೆ ಆ ಮನೆಯ ಯಜಮಾನರಿಗೆ ರಾಡಿನಿಂದ ಹೊಡೆದ. ಅವರ ತಲೆಗೆ ಹೊಲಿಗೆ ಬಿತ್ತು. ಅವರ ನೋವು ಸುಳ್ಳಲ್ಲ, ಅವರು ಕೇಸು ಹಾಕಿದ್ದೂ ತಪ್ಪಲ್ಲ. ಕೋರ್ಟು ಏನು ಹೇಳುತ್ತದೋ ಅದನ್ನು ಒಪ್ಪಿಕೊಳ್ಳುತ್ತೇವೆ. ಕೇಸಿನ ತೀರ್ಮಾನವನ್ನು ನಾನಿಲ್ಲಿ ಎತ್ತುತ್ತಿಲ್ಲ. ಜಾಮೀನು ಸಿಗುವವರೆಗೆ, ಸುಮಾರು ಒಂದು ವರ್ಷ, ಅವನು ಒಳಗೆ ಹೇಗಿದ್ದ ಎಂಬುದನ್ನಷ್ಟೇ ಹೇಳುತ್ತೇನೆ.

ಜೈಲಿಗೆ ಸೇರಿಸಿಕೊಳ್ಳುವಾಗ ಆರೋಗ್ಯ ತಪಾಸಣೆ ಇರುತ್ತದೆ. ಎತ್ತರ, ತೂಕ, ಬಿಪಿ, ಮೈಮೇಲಿನ ಗಾಯದ ಗುರುತು ಎಲ್ಲ ಬರೆದುಕೊಂಡರಂತೆ. ಕೊನೆಗೆ ‘ತಲೆ ಸರಿ ಇದೆಯೇನೋ?’ ಅಂತ ಕೇಳಿದರಂತೆ. ‘ಸರಿ ಇದೆ ಸಾರ್’ ಅಂದನಂತೆ. ಸಾಲಿನಲ್ಲಿ ಹಿಂದೆ ಮುಂದೆ ಜನ ನಿಂತಿರುವಾಗ ಯಾರು ತಾನೇ ಇಲ್ಲ ಅಂತಾರೆ? ಅಷ್ಟಕ್ಕೆ ಅವನ ಮಾನಸಿಕ ಆರೋಗ್ಯದ ತಪಾಸಣೆ ಮುಗಿಯಿತು. ನಾವು ಗೇಟಿನ ಹತ್ತಿರ ಹಳೇ ಫೈಲು, ಮಾತ್ರೆ ತಗೊಂಡು ಹೋದೆವು. ಹೊರಗಿನ ಮಾತ್ರೆ ಒಳಗೆ ಬಿಡುವುದಿಲ್ಲ ಅಂದರು. ಅದು ಸರಿಯಾದ ನಿಯಮವೇ, ಏನು ಬೇಕಾದರೂ ಒಳಗೆ ಹೋಗಬಹುದಲ್ವಾ. ಆದರೆ ಫೈಲನ್ನಾದರೂ ಡಾಕ್ಟರಿಗೆ ತೋರಿಸಿ ಎಂದು ಬೇಡಿಕೊಂಡೆ. ತಗೊಂಡರು. ಅದನ್ನು ಡಾಕ್ಟರು ನೋಡಲೇ ಇಲ್ಲ ಎಂದು ಆಮೇಲೆ ತಿಳಿಯಿತು. ವಕೀಲರು ಕೋರ್ಟಿಗೆ ಅರ್ಜಿ ಹಾಕಿ, ಚಿಕಿತ್ಸೆ ಕೊಡಿಸಿ ಎಂದು ಮ್ಯಾಜಿಸ್ಟ್ರೇಟರು ಆದೇಶ ಮಾಡಿದ ಮೇಲೆಯೇ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದು. ವಕೀಲರಿಲ್ಲದವರ ಗತಿ ಏನು ಎಂದು ನೀವೇ ಯೋಚಿಸಿ.

ಆಸ್ಪತ್ರೆಯಲ್ಲಿ ಮೂರು ಔಷಧಿ ಬರೆದರು. ತಿಂಗಳಿಗೊಂದು ಇಂಜೆಕ್ಷನ್, ರಾತ್ರಿಗೊಂದು ಮಾತ್ರೆ, ಇನ್ನೊಂದು ಟ್ರೈಹೆಕ್ಸಿಫೆನಿಡಿಲ್ ಎಂಬ ಪುಟ್ಟ ಬಿಳಿ ಮಾತ್ರೆ. ಈ ಮೂರನೆಯದು ಕಾಯಿಲೆಗೆ ಕೊಡುವುದಲ್ಲ. ಇಂಜೆಕ್ಷನ್ನಿನಿಂದ ಮೈ ಸೆಟೆದುಕೊಳ್ಳದಂತೆ, ಕೈ ನಡುಗದಂತೆ ನೋಡಿಕೊಳ್ಳುವುದು ಅದರ ಕೆಲಸ. ಮನೆಯಲ್ಲಿ ಇಂಥವರನ್ನು ನೋಡಿಕೊಳ್ಳುವ ಎಲ್ಲರಿಗೂ ಇದು ಗೊತ್ತು. ಜೈಲಿನಲ್ಲಿ ಅದನ್ನು ನಿಲ್ಲಿಸಿಬಿಟ್ಟರು. ಕೇಳಿದರೆ, ‘ಅಮ್ಮಾ, ಆ ಮಾತ್ರೆಯನ್ನು ಒಳಗೆ ನಶೆಗೆ ಮಾರ್ಕೋತಾರೆ’ ಅಂದರು. ಅದೂ ಸುಳ್ಳಲ್ಲ. ಅದರ ದುರುಪಯೋಗ ಆಗುತ್ತದೆ ಎಂದು ಮನೋವೈದ್ಯರೂ ಹೇಳುತ್ತಾರೆ. ಆದರೆ ಅದಕ್ಕೆ ದಾರಿ ಇದೆ: ನರ್ಸ್ ಎದುರಿಗೇ ನುಂಗಿಸಿ, ಬಾಯಿ ತೆರೆಸಿ ನೋಡುವುದು. ಅದಕ್ಕೆ ಒಬ್ಬರು ನಿಲ್ಲಬೇಕು. ಅಲ್ಲಿ ಮಾತ್ರೆ ಹಂಚುತ್ತಿದ್ದುದು ಇನ್ನೊಬ್ಬ ಶಿಕ್ಷಾ ಬಂದಿ.

ಮುಂದಿನ ಸಂದರ್ಶನದ ದಿನ ಅವನನ್ನು ನೋಡಿದೆ. ಗಾಜಿನ ಆಚೆ ಅವನು, ಈಚೆ ನಾನು, ನಡುವೆ ಇಂಟರ್‌ಕಾಮ್. ರಿಸೀವರ್ ಹಿಡಿಯಲು ಹೋದ, ಕೈ ನಡುಗಿ ಅದು ಕಿವಿಗೆ, ಕೆನ್ನೆಗೆ ಬಡಿಯಿತು. ಎರಡೂ ಕೈಯಲ್ಲಿ ಹಿಡಿದ. ದವಡೆ ಒಂದು ಕಡೆಗೆ ಎಳೆದುಕೊಂಡಿತ್ತು, ತುಟಿಯ ಅಂಚಿನಲ್ಲಿ ಜೊಲ್ಲು. ‘ಅಕ್ಕಾ, ಇಂಜೆಕ್ಷನ್ ಬೇಡ ಅಂತ ಹೇಳು’ ಅಂದ. ಆ ಒಂದು ವಾಕ್ಯ ಹೇಳಲು ಅವನಿಗೆ ಎಷ್ಟು ಹೊತ್ತು ಬೇಕಾಯಿತೆಂದರೆ, ಪಕ್ಕದ ಕಿಂಡಿಯಲ್ಲಿ ಮಾತಾಡುತ್ತಿದ್ದ ಹೆಂಗಸು ತನ್ನ ಗಂಡನ ಮಾತು ಬಿಟ್ಟು ಇವನನ್ನೇ ನೋಡುತ್ತಿದ್ದಳು. ಕಾಯಿಲೆಯ ಹೆಸರಿನಲ್ಲಿ ಅವನಿಗೆ ಚಿಕಿತ್ಸೆ ಕೊಡುತ್ತಿದ್ದೇವೆ ಎಂದು ಜೈಲು ನಂಬಿದ್ದ ದಿನಗಳು ಅವು.

ಆಮೇಲೆ ಇಂಜೆಕ್ಷನ್ನೇ ತಪ್ಪತೊಡಗಿತು. ಬಂದಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಡಿಎಆರ್ (ಜಿಲ್ಲಾ ಸಶಸ್ತ್ರ ಮೀಸಲು ಪಡೆ) ಪೊಲೀಸರ ಎಸ್ಕಾರ್ಟ್ ಬೇಕು. ಮನೋರೋಗ ವಿಭಾಗದ ದಿನಕ್ಕೇ ಎಸ್ಕಾರ್ಟ್ ಸಿಗಬೇಕು. ಒಂದು ಸಲ ಮಂತ್ರಿಗಳ ಕಾರ್ಯಕ್ರಮದ ಬಂದೋಬಸ್ತ್. ಇನ್ನೊಂದು ಸಲ ಜಾತ್ರೆ. ಆಮೇಲೆ ಚುನಾವಣೆ. ಕೋರ್ಟಿನ ವಾಯಿದೆಗೆ ಕರೆದೊಯ್ಯದಿದ್ದರೆ ಜಡ್ಜ್ ಕೇಳುತ್ತಾರೆ, ಹಾಗಾಗಿ ಇರುವ ಎಸ್ಕಾರ್ಟ್ ಮೊದಲು ಕೋರ್ಟಿಗೆ. ಆಸ್ಪತ್ರೆಗೆ ಹೋಗದಿದ್ದರೆ ಕೇಳುವವರಿಲ್ಲ. ನನಗೆ ಇವತ್ತಿಗೂ ಅರ್ಥವಾಗದ ವಿಷಯ ಒಂದಿದೆ. ಆ ಇಂಜೆಕ್ಷನ್ ಹಾಕಲು ಮನೋವೈದ್ಯರೇ ಬೇಕಿಲ್ಲ. ಜೈಲಿನ ಔಷಧಿ ಕೋಣೆಯಲ್ಲಿ ಒಂದು ಆಂಪೂಲ್ ಇಟ್ಟು, ನರ್ಸ್ ಹಾಕಿದರೆ ಮುಗಿಯಿತು. ಹಾಗೆ ಮಾಡಬಹುದು ಎಂದು ಜೈಲಿನವರಿಗೆ ಹೇಳುವ ಒಬ್ಬ ಮನುಷ್ಯ ಆ ವರ್ಷವಿಡೀ ಗೇಟು ದಾಟಿ ಒಳಗೆ ಹೋಗಲಿಲ್ಲ.

ಇಂಜೆಕ್ಷನ್ ತಪ್ಪಿದ ಮೇಲೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ರಾತ್ರಿಯೆಲ್ಲ ಎದ್ದು ಗೋಡೆಗೆ ಮಾತಾಡತೊಡಗಿದ. ಬ್ಯಾರಕ್ಕಿನಲ್ಲಿ ಒತ್ತೊತ್ತಾಗಿ ಮಲಗಿದ್ದವರಿಗೆ ನಿದ್ದೆ ಇಲ್ಲ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಹೊಡೆದಾಟ ಆಯಿತು. ಅವನನ್ನು ಒಂಟಿ ಸೆಲ್ಲಿಗೆ ಹಾಕಿದರು. ‘ಅವನ ಸೇಫ್ಟಿಗೇ’ ಅಂದರು. ವಿಶ್ವಸಂಸ್ಥೆ 2015ರಲ್ಲಿ ಒಪ್ಪಿದ ಮಂಡೇಲಾ ನಿಯಮಗಳಲ್ಲಿ, ಒಂಟಿಯಾಗಿ ಕೂಡಿಹಾಕಿದರೆ ಮಾನಸಿಕ ತೊಂದರೆ ಜಾಸ್ತಿಯಾಗುವಂಥವರನ್ನು ಹಾಗೆ ಹಾಕಲೇಬಾರದು ಎಂದಿದೆ. ಯಾರನ್ನೇ ಆಗಲಿ 15 ದಿನಕ್ಕಿಂತ ಹೆಚ್ಚು ಸತತವಾಗಿ ಹಾಕಬಾರದು ಎಂದೂ ಇದೆ. ತಮ್ಮ ಅಲ್ಲಿ ಎಷ್ಟು ದಿನ ಇದ್ದ ಎಂದು ನನಗೆ ಯಾರೂ ಬರೆದು ಕೊಡಲಿಲ್ಲ. ಅವನಿಗೆ ನೆನಪಿಲ್ಲ.

ಒಬ್ಬ ವಾರ್ಡರನ್ನು ಮಾತ್ರ ನಾನು ಮರೆಯುವುದಿಲ್ಲ. ಗೇಟಿನ ಹೊರಗೆ ಟೀ ಕುಡಿಯುತ್ತಿದ್ದವರು ಪಕ್ಕಕ್ಕೆ ಕರೆದು, ‘ನಿಮ್ಮ ತಮ್ಮ ಸರಿಯಾಗಿ ಊಟ ಮಾಡ್ತಿಲ್ಲಮ್ಮ, ವಿಷ ಹಾಕಿದಾರೆ ಅಂತಾನೆ. ನಾನು ಮೊದಲು ಒಂದು ತುತ್ತು ತಿಂದು ತೋರಿಸಿದರೆ ತಿಂತಾನೆ. ನನಗೆ ನೈಟ್ ಡ್ಯೂಟಿ ಬಿದ್ದರೆ ಕಷ್ಟ. ವಕೀಲರಿಗೆ ಹೇಳಿ’ ಅಂದರು. ಅವರಿಗೆ ಯಾರೂ ತರಬೇತಿ ಕೊಟ್ಟಿರಲಿಲ್ಲ. ತಾವೇ ಕಂಡುಕೊಂಡಿದ್ದರು. ದಿನದ ಇಪ್ಪತ್ನಾಲ್ಕು ಗಂಟೆಯೂ ಬಂದಿಗಳನ್ನು ನೋಡುವವರು ವಾರ್ಡರುಗಳು. ಅವರು ಕಂಡಿದ್ದನ್ನು ಬರೆದಿಡಲು ಒಂದು ಪುಸ್ತಕವಿಲ್ಲ, ಹೇಳಲು ಒಬ್ಬರಿಲ್ಲ.

ಇಷ್ಟೆಲ್ಲ ನಡೆಯುತ್ತಿದ್ದ ತಿಂಗಳುಗಳಲ್ಲೇ ‘ಯಾರೂ ಇರುವುದಿಲ್ಲ’ ಎಂಬ ಸಾಲು ಟೈಪಾಗಿ ಮಂಡಳಿಗೆ ಹೋಯಿತು.

ಕಾಯ್ದೆಯ ಪ್ರತಿಯನ್ನು ವಕೀಲರಿಂದ ಪಡೆದು ಅಂಗಡಿಯಲ್ಲೇ ಪ್ರಿಂಟ್ ಹಾಕಿಕೊಂಡು ಓದಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ 2018ರ ಮೇ ತಿಂಗಳಿನಿಂದ ಜಾರಿಯಲ್ಲಿದೆ. ಅದರ 103ನೇ ಸೆಕ್ಷನ್ ಪೂರ್ತಿ ಜೈಲಿನಲ್ಲಿರುವವರ ಬಗ್ಗೆಯೇ ಇದೆ. ಮಾನಸಿಕ ಕಾಯಿಲೆಯ ಬಂದಿಯನ್ನು ಜೈಲಿನ ಆಸ್ಪತ್ರೆಯ ಮನೋರೋಗ ವಾರ್ಡಿಗೆ ಸೇರಿಸಬೇಕು. ಅಂಥ ವಾರ್ಡ್ ಇಲ್ಲದಿದ್ದರೆ ಮಂಡಳಿಯ ಅನುಮತಿ ಪಡೆದು ಹೊರಗಿನ ಚಿಕಿತ್ಸಾ ಕೇಂದ್ರಕ್ಕೆ ಕಳಿಸಬಹುದು. ಪ್ರತಿ ರಾಜ್ಯದಲ್ಲೂ ಕಡೇಪಕ್ಷ ಒಂದು ಜೈಲಿನಲ್ಲಿ ನೋಂದಣಿಯಾದ ಮಾನಸಿಕ ಚಿಕಿತ್ಸಾ ಕೇಂದ್ರ ಇರಬೇಕು. ಓದಲು ಎಲ್ಲ ಚೆನ್ನಾಗಿದೆ. ಆದರೆ ಆ ಮೂರು ತಿಂಗಳ ವರದಿಯ ಬಗ್ಗೆ ಕಾಯ್ದೆ ಏನು ಹೇಳುತ್ತದೆ ನೋಡಿ. ಎಷ್ಟು ಜನರಿಗೆ ಕಾಯಿಲೆ ಇದೆ, ಏನು ಚಿಕಿತ್ಸೆ ಆಗುತ್ತಿದೆ ಎಂದು ತಿಳಿಸಿ ಅನ್ನುವುದಿಲ್ಲ. ಮಾನಸಿಕ ಕಾಯಿಲೆಯವರು ಯಾರೂ ಇಲ್ಲ ಎಂದು ದೃಢೀಕರಿಸಿ ವರದಿ ಕಳಿಸಬೇಕು ಅನ್ನುತ್ತದೆ.

ಜೆರಾಕ್ಸ್ ಅಂಗಡಿಯವಳಿಗೆ ಇದು ಥಟ್ಟನೆ ಹೊಳೆಯಿತು. ಆದಾಯ ಪ್ರಮಾಣಪತ್ರದ ಅರ್ಜಿಯಲ್ಲಿ ಯಾವ ಅಂಕಿ ಬರೆದರೆ ಫೈಲು ಮುಂದೆ ಹೋಗುತ್ತದೋ ಎಲ್ಲರೂ ಅದೇ ಅಂಕಿ ಬರೆಯುತ್ತಾರಲ್ವಾ, ಹಾಗೆಯೇ ಇದೂ. ‘ಇಲ್ಲ’ ಎಂದು ಬರೆದರೆ ಒಂದೇ ಸಾಲಿನಲ್ಲಿ ಕೆಲಸ ಮುಗಿಯಿತು. ‘ಇದ್ದಾರೆ’ ಎಂದು ಬರೆದರೆ, ಯಾಕೆ ಇಟ್ಟುಕೊಂಡಿದ್ದೀರಿ, ಯಾಕೆ ವರ್ಗಾಯಿಸಲಿಲ್ಲ ಎಂಬ ಪ್ರಶ್ನೆ. ಒಬ್ಬ ವೈದ್ಯಾಧಿಕಾರಿ, ಅದೂ ಹೆಚ್ಚುವರಿ ಹೊಣೆಯಲ್ಲಿರುವವರು, ಯಾವುದನ್ನು ಬರೆಯುತ್ತಾರೆ? ಬರೆಯುವವರು ಪ್ರಾಮಾಣಿಕರಾಗಿರಲಿ ಎಂದು ಕಾಯುತ್ತಾ ಕೂರುವುದು ಮೇಲ್ವಿಚಾರಣೆ ಆಗುವುದಿಲ್ಲ. ಅದೇ ಸೆಕ್ಷನ್ ನಿಮಗೆ ಇನ್ನೊಂದು ಅಧಿಕಾರ ಕೊಟ್ಟಿದೆ: ಮಂಡಳಿ ಜೈಲಿಗೆ ಭೇಟಿ ಕೊಡಬಹುದು, ಕಾಯಿಲೆಯ ಬಂದಿಯನ್ನು ಯಾಕೆ ಇಲ್ಲೇ ಇಟ್ಟುಕೊಂಡಿದ್ದೀರಿ ಎಂದು ವೈದ್ಯಾಧಿಕಾರಿಯನ್ನು ಕೇಳಬಹುದು. ‘ಬಹುದು’ ಎಂದಿರುವುದರಿಂದ ಹೋಗಲೇಬೇಕೆಂದಿಲ್ಲ ಎಂದು ಯಾರಾದರೂ ಹೇಳಬಹುದು. ಹೋಗದಿದ್ದರೆ ಆ ಅಧಿಕಾರ ಯಾರಿಗೋಸ್ಕರ ಇದೆ?

‘ಇಲ್ಲ’ ಎಂಬ ಉತ್ತರ ಎಷ್ಟು ಸುಳ್ಳು ಎಂದು ತೋರಿಸುವ ಲೆಕ್ಕ ನಮ್ಮ ರಾಜ್ಯದಲ್ಲೇ ಇದೆ. ನಿಮ್ಹಾನ್ಸ್‌ನ ವೈದ್ಯರು ಪರಪ್ಪನ ಅಗ್ರಹಾರದ ಜೈಲಿನಲ್ಲಿ 5,024 ಬಂದಿಗಳನ್ನು ಮಾತಾಡಿಸಿ ಮಾಡಿದ ಅಧ್ಯಯನ 2011ರಲ್ಲಿ ಹೊರಬಂತು. ಕುಡಿತ, ತಂಬಾಕು, ಗಾಂಜಾದಂಥ ಚಟಗಳನ್ನು ಬದಿಗಿಟ್ಟು ನೋಡಿದರೂ 1,389 ಜನರಿಗೆ, ಅಂದರೆ ನೂರಕ್ಕೆ 27ಕ್ಕೂ ಹೆಚ್ಚು ಮಂದಿಗೆ, ಒಂದಲ್ಲ ಒಂದು ಮಾನಸಿಕ ಕಾಯಿಲೆ ಇತ್ತು. ಚಟವನ್ನೂ ಸೇರಿಸಿದರೆ ನೂರಕ್ಕೆ 80ರ ಹತ್ತಿರ. ಇನ್ನು ಎನ್‌ಸಿಆರ್‌ಬಿಯವರ (ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ) ಜೈಲು ಅಂಕಿಅಂಶ ತೆಗೆದು ನೋಡಿ. ಇಡೀ ದೇಶದ ಜೈಲುಗಳಲ್ಲಿ ಮಾನಸಿಕ ಕಾಯಿಲೆಯವರು ನೂರಕ್ಕೆ ಇಬ್ಬರೂ ಇಲ್ಲ. ಡಾಕ್ಟರು ಕೂತು ಮಾತಾಡಿಸಿದಾಗ ನಾಲ್ವರಲ್ಲಿ ಒಬ್ಬರು. ಜೈಲಿನವರೇ ಬರೆದು ಕಳಿಸಿದಾಗ ಐವತ್ತರಲ್ಲಿ ಒಬ್ಬರೂ ಇಲ್ಲ. ಉಳಿದವರೆಲ್ಲ ಎಲ್ಲಿ ಹೋದರು? ಬ್ಯಾರಕ್ಕಿನಲ್ಲೇ ಇದ್ದಾರೆ. ‘ಗಲಾಟೆ ಮಾಡುವವನು’, ‘ಹಠಮಾರಿ’, ‘ನಾಟಕ’ ಎಂಬ ಹೆಸರುಗಳಲ್ಲಿ ಇದ್ದಾರೆ. 2022ರಲ್ಲಿ ದೇಶದ ಜೈಲುಗಳಲ್ಲಿ ಅಸಹಜವಾಗಿ ಸತ್ತವರು 159 ಜನ ಎಂದು ಅದೇ ಎನ್‌ಸಿಆರ್‌ಬಿ ಹೇಳುತ್ತದೆ. ಅವರಲ್ಲಿ 119 ಜನ ಆತ್ಮಹತ್ಯೆ ಮಾಡಿಕೊಂಡವರು. ಸಾವನ್ನು ಮುಚ್ಚಿಡಲು ಆಗುವುದಿಲ್ಲ, ಅದಕ್ಕೇ ಆ ಲೆಕ್ಕ ಸಿಗುತ್ತದೆ. ಅದರ ಹಿಂದಿನ ತಿಂಗಳುಗಳ ಲೆಕ್ಕ ಸಿಗುವುದಿಲ್ಲ.

ಜನ ಇಲ್ಲ, ಏನು ಮಾಡುವುದು ಎಂಬ ಮಾತು ಬರುತ್ತದೆ. ನಿಜ. ದೇಶದ 5.7 ಲಕ್ಷ ಬಂದಿಗಳಿಗೆ ಮನೋವೈದ್ಯರು, ಮನಶ್ಶಾಸ್ತ್ರಜ್ಞರು ಸೇರಿ ಬರೀ 25 ಜನ ಇದ್ದಾರೆ ಎಂದು 2025ರ ಇಂಡಿಯಾ ಜಸ್ಟಿಸ್ ರಿಪೋರ್ಟ್ ಹೇಳಿತು. 2016ರ ಮಾದರಿ ಜೈಲು ಕೈಪಿಡಿಯ ಪ್ರಕಾರ 500 ಬಂದಿಗಳಿಗೆ ಒಬ್ಬರು ಬೇಕು. ಆ ಲೆಕ್ಕ ಹಿಡಿದರೆ 1,100ಕ್ಕೂ ಜಾಸ್ತಿ ಜನ ಬೇಕಾಗುತ್ತದೆ. ಅಷ್ಟು ಜನರನ್ನು ನಾಳೆಯೇ ತನ್ನಿ ಎಂದು ನಾನು ಕೇಳುತ್ತಿಲ್ಲ. ಆದರೆ ಕರ್ನಾಟಕ ಈ ವಿಷಯದಲ್ಲಿ ಕೈ ಖಾಲಿ ಇರುವ ರಾಜ್ಯವಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇಡೀ ದೇಶಕ್ಕೆ ಮಾದರಿ ಹಾಕಿಕೊಟ್ಟಿದ್ದೇ ನಮ್ಮ ಬಳ್ಳಾರಿ. ಮನೋಚೈತನ್ಯ ಎಂದು ಮಂಗಳವಾರ ತಾಲ್ಲೂಕು ಆಸ್ಪತ್ರೆಗಳಿಗೇ ಮನೋವೈದ್ಯರನ್ನು ಕಳಿಸುವ ಏರ್ಪಾಡು ಮಾಡಿದ್ದೂ ನಾವೇ. ತಾಲ್ಲೂಕಿಗೆ ಹೋಗುವ ಜೀಪು ತಿಂಗಳಿಗೆ ಎರಡು ಸಲ ಜೈಲಿನ ಗೇಟಿನ ಒಳಗೆ ಯಾಕೆ ತಿರುಗಬಾರದು? ಬಂದಿಯನ್ನು ಆಸ್ಪತ್ರೆಗೆ ಒಯ್ಯಲು ಎಸ್ಕಾರ್ಟ್ ಬೇಕು. ಡಾಕ್ಟರು ಜೈಲಿಗೆ ಬರಲು ಬೇಕಿಲ್ಲ.

ನಾನು ಸುಮ್ಮನಿದ್ದವಳಲ್ಲ ಎಂದು ಹೇಳಲು ಇನ್ನೊಂದು ವಿಷಯ. ಮಂಡಳಿಗೆ ಅರ್ಜಿ ಕೊಡಲು ಶುಲ್ಕ ಇಲ್ಲ, ಕಾಯಿಲೆಯವರ ಪರವಾಗಿ ನಾಮನಿರ್ದೇಶಿತ ಪ್ರತಿನಿಧಿಯೂ ಕೊಡಬಹುದು ಎಂದು ಕಾಯ್ದೆಯಲ್ಲಿ ಓದಿ ಅರ್ಜಿ ಬರೆದೆ. ಕೊಡುವುದೆಲ್ಲಿ? ಆಸ್ಪತ್ರೆಯಲ್ಲಿ ಕೇಳಿದರೆ ಜಿಲ್ಲಾಧಿಕಾರಿ ಕಚೇರಿ ಅಂದರು. ಅಲ್ಲಿ ಕೇಳಿದರೆ ಆರೋಗ್ಯ ಇಲಾಖೆ ಅಂದರು. ಆರೋಗ್ಯ ಇಲಾಖೆಯಲ್ಲಿ ಒಬ್ಬರು ಕೋರ್ಟಿನಲ್ಲಿ ಕೇಳಿ, ಅಧ್ಯಕ್ಷರು ಜಡ್ಜ್ ಇರುತ್ತಾರೆ ಅಂದರು. ಕೊನೆಗೆ ರಿಜಿಸ್ಟರ್ ಪೋಸ್ಟ್ ಮಾಡಿದೆ. ವಿಳಾಸದಲ್ಲಿ ಮಂಡಳಿಯ ಹೆಸರು, ಜಿಲ್ಲೆಯ ಹೆಸರು, ಅಷ್ಟೇ. ಅಕ್ನಾಲೆಜ್‌ಮೆಂಟ್ ಕಾರ್ಡ್ ವಾಪಸ್ ಬಂತು, ಅದರಲ್ಲಿ ಯಾರದೋ ಸಹಿ ಇತ್ತು. ಉತ್ತರ ಬರಲಿಲ್ಲ. ಹೊರಗಿದ್ದು, ಓದು ಬರಹ ಬಲ್ಲ, ದಿನಾ ಸರ್ಕಾರಿ ಕಾಗದದ ನಡುವೆಯೇ ಇರುವ ನನಗೇ ಮಂಡಳಿ ಸಿಗಲಿಲ್ಲ. ಸೆಲ್ಲಿನ ಒಳಗಿರುವವನಿಗೆ ಹೇಗೆ ಸಿಗಬೇಕು?

ಆದ್ದರಿಂದ ಕೇಳುತ್ತಿದ್ದೇನೆ. ಮೊದಲನೆಯದಾಗಿ, ನೀವು ಜೈಲಿಗೆ ಹೋಗಿ. ಮೂರು ತಿಂಗಳಿಗೊಮ್ಮೆ ವರದಿ ಬರುವುದಾದರೆ ಮೂರು ತಿಂಗಳಿಗೊಮ್ಮೆ ನೀವೂ ಹೋಗಿ, ಹೇಳದೆ ಹೋಗಿ. ಹೇಳಿ ಹೋದರೆ ಸುಣ್ಣ ಬಳಿದಿರುತ್ತಾರೆ, ಹೊಸ ಬೆಡ್‌ಶೀಟ್ ಹಾಸಿರುತ್ತಾರೆ. ಜೈಲಿನ ಆಸ್ಪತ್ರೆ ಆಮೇಲೆ ನೋಡಿ, ಮೊದಲು ಒಂಟಿ ಸೆಲ್ಲುಗಳನ್ನು ನೋಡಿ. ಅಲ್ಲಿರುವವರು ಎಷ್ಟು ದಿನದಿಂದ ಇದ್ದಾರೆ, ಹಾಕುವ ಮೊದಲು ಡಾಕ್ಟರು ನೋಡಿದ್ದಾರಾ ಎಂದು ರಿಜಿಸ್ಟರ್ ಕೇಳಿ. ಮಾತ್ರೆ ಯಾರ ಕೈಯಿಂದ ಯಾರ ಕೈಗೆ ಹೋಗುತ್ತದೆ ಎಂದು ನಿಂತು ನೋಡಿ. ಬಂದಿಗಳ ಜೊತೆ ಮಾತಾಡುವಾಗ ಜೈಲರ್ ಸಾಹೇಬರನ್ನು ಸ್ವಲ್ಪ ದೂರ ನಿಲ್ಲಿಸಿ. ನಿಮ್ಮ ಮಂಡಳಿಯಲ್ಲಿ ಮನೋವೈದ್ಯರಿರುತ್ತಾರೆ. ಕಾಯಿಲೆ ಅನುಭವಿಸಿದವರು ಅಥವಾ ಅವರನ್ನು ನೋಡಿಕೊಳ್ಳುವ ನಮ್ಮಂಥವರು ಕೂಡ ಸದಸ್ಯರಾಗಬಹುದು ಎಂದು ಕಾಯ್ದೆಯಲ್ಲಿದೆ. ಅವರನ್ನು ಖಂಡಿತ ಕರೆದುಕೊಂಡು ಹೋಗಿ. ರಿಸೀವರ್ ಹಿಡಿದ ಕೈ ನಡುಗಿದರೆ ಅದು ಭಯವೋ ಔಷಧಿಯೋ ಎಂದು ಅವರಿಗೆ ತಕ್ಷಣ ಗೊತ್ತಾಗುತ್ತದೆ.

ಎರಡನೆಯದು ಆ ವರದಿ. ಕಾಯ್ದೆ ತಿದ್ದುವುದು ನಿಮ್ಮ ಕೈಯಲ್ಲಿಲ್ಲ. ಆದರೆ ವರದಿಯ ಜೊತೆ ಇನ್ನೊಂದು ಹಾಳೆ ಕಳಿಸಿ ಎಂದು ಕೇಳುವುದು ನಿಮ್ಮ ಕೈಯಲ್ಲಿದೆ. ಈ ಮೂರು ತಿಂಗಳಲ್ಲಿ ಎಷ್ಟು ಜನರನ್ನು ತಪಾಸಣೆ ಮಾಡಿದಿರಿ, ಎಷ್ಟು ಜನ ಮನೋರೋಗದ ಔಷಧಿಯಲ್ಲಿದ್ದಾರೆ, ಮನೋವೈದ್ಯರು ಯಾವ ಯಾವ ದಿನ ಬಂದರು, ಎಸ್ಕಾರ್ಟ್ ಇಲ್ಲವೆಂದು ಎಷ್ಟು ಸಲ ಆಸ್ಪತ್ರೆಗೆ ಹೋಗುವುದು ತಪ್ಪಿತು, ಒಂಟಿ ಸೆಲ್ಲಿನಲ್ಲಿ ಎಷ್ಟು ಜನ, ಜೀವಕ್ಕೆ ಅಪಾಯ ಮಾಡಿಕೊಳ್ಳಲು ಹೋದವರು ಎಷ್ಟು. ಅಂಕಿ ಬರೆಯಬೇಕಾದಲ್ಲಿ ‘ಇಲ್ಲ’ ಎಂದು ಬರೆದು ದಾಟಿಕೊಳ್ಳುವುದು ಕಷ್ಟ. ಆ ಹಾಳೆಯನ್ನು ಯಾರ ಹೆಸರೂ ಇಲ್ಲದೆ ವೆಬ್‌ಸೈಟಿಗೆ ಹಾಕಿ. ಸೊನ್ನೆ ಬರೆದ ಜೈಲು ಕಂಡರೆ, ಮುಂದಿನ ಭೇಟಿ ಅಲ್ಲಿಗೇ ಇರಲಿ.

ಉಳಿದವು ಚಿಕ್ಕವು, ಖರ್ಚಿಲ್ಲದವು. ಜೈಲಿನ ಗೇಟಿನಲ್ಲಿ, ಸಂದರ್ಶನದ ಹಾಲಿನಲ್ಲಿ ನಿಮ್ಮ ಮಂಡಳಿಯ ವಿಳಾಸ, ಫೋನ್ ನಂಬರ್ ಕನ್ನಡದಲ್ಲಿ ಬರೆಸಿ. ಒಳಗೊಂದು ದೂರಿನ ಪೆಟ್ಟಿಗೆ ಇಡಿಸಿ, ಬೀಗದ ಕೈ ನಿಮ್ಮ ಹತ್ತಿರ ಇರಲಿ. ತಮ್ಮ ಇದ್ದ ಜೈಲಿನ ಫೋನಿನಿಂದ ಮೊದಲೇ ಬರೆಸಿಕೊಟ್ಟ ನಂಬರುಗಳಿಗೆ ಮಾತ್ರ ಕರೆ ಹೋಗುತ್ತಿತ್ತು. ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್‌ನ 14416 ಆ ಪಟ್ಟಿಯಲ್ಲಿ ಎಲ್ಲ ಬಂದಿಗಳಿಗೂ ಇರಲಿ. ಆ ಸೇವೆಗೆ ದೇಶಕ್ಕೆಲ್ಲ ಮಾರ್ಗದರ್ಶನ ಮಾಡುವುದು ನಮ್ಮ ನಿಮ್ಹಾನ್ಸೇ. ಗೇಟಿಗೆ ಮನೆಯವರು ತಂದ ಹಳೇ ಫೈಲು ಕಳೆಯದಂತೆ ರಸೀದಿ ಕೊಡಿಸಿ. ಬಿಡುಗಡೆಯಾಗುವವರ ಕೈಗೆ ಹದಿನೈದು ದಿನದ ಮಾತ್ರೆ ಮತ್ತು ಚಿಕಿತ್ಸೆಯ ಚೀಟಿ ಕೊಡಿಸಿ. ನನ್ನ ತಮ್ಮನ ಜಾಮೀನು ಆದೇಶ ಸಂಜೆ ತಲುಪಿತು, ಕತ್ತಲಾದ ಮೇಲೆ ಬಿಟ್ಟರು, ಕೈಯಲ್ಲಿ ಒಂದು ಮಾತ್ರೆಯೂ ಇರಲಿಲ್ಲ. ಕೊನೆಯ ಇಂಜೆಕ್ಷನ್ ಯಾವಾಗ ಹಾಕಿದ್ದು ಎಂದು ಹೇಳುವವರೂ ಇರಲಿಲ್ಲ.

ರಾಜ್ಯ ಪ್ರಾಧಿಕಾರದವರಲ್ಲಿ ಒಂದು ನೇರ ಪ್ರಶ್ನೆ. 103ನೇ ಸೆಕ್ಷನ್ ಹೇಳುವ ಆ ಚಿಕಿತ್ಸಾ ಕೇಂದ್ರ ಕರ್ನಾಟಕದ ಯಾವ ಜೈಲಿನಲ್ಲಿ ನೋಂದಣಿಯಾಗಿದೆ? ಎಷ್ಟು ಹಾಸಿಗೆ, ಎಷ್ಟು ಸಿಬ್ಬಂದಿ? ಬೆಳಗಾವಿ, ಕಲಬುರಗಿ, ಶಿವಮೊಗ್ಗದ ಬಂದಿಗೆ, ತುಮಕೂರಿನ ಮಹಿಳಾ ಜೈಲಿನಲ್ಲಿರುವವರಿಗೆ ಅದು ಸಿಗುವುದು ಹೇಗೆ? ಜೈಲಿನ ಎಲ್ಲ ವೈದ್ಯಾಧಿಕಾರಿಗಳಿಗೂ ಮಾನಸಿಕ ಆರೋಗ್ಯದ ಪ್ರಾಥಮಿಕ ತರಬೇತಿ ಕೊಡಬೇಕೆಂದು ಇದೇ ಕಾಯ್ದೆಯಲ್ಲಿದೆ. ಎಷ್ಟು ಜನರಿಗೆ ಆಗಿದೆ? ಉತ್ತರ ಸಾರ್ವಜನಿಕವಾಗಿ ಹೇಳಿ. ವಾರ್ಡರುಗಳಿಗೂ ಒಂದೆರಡು ದಿನದ ತರಬೇತಿ ಸೇರಿಸಿ. ಊಟದ ತುತ್ತು ತಾನು ತಿಂದು ತೋರಿಸಿದ ಆ ಮನುಷ್ಯನಂಥವರು ಎಲ್ಲ ಜೈಲಿನಲ್ಲೂ ಇರುತ್ತಾರೆ.

ಇದನ್ನು ಸಣ್ಣ ವಿಷಯ ಎಂದುಕೊಂಡರೆ ಏನಾಗುತ್ತದೆ ಎಂದು ದೇಶ ನೋಡಿದೆ. ಅಸ್ಸಾಮಿನ ಮಚಾಂಗ್ ಲಾಲುಂಗ್ ಅವರನ್ನು ಬಂಧಿಸಿದ್ದು 1951ರಲ್ಲಿ. ಮಾನಸಿಕ ಅಸ್ವಸ್ಥ ಎಂದು ಆಸ್ಪತ್ರೆಗೆ ಕಳಿಸಿದರು. ವಿಚಾರಣೆಯೇ ನಡೆಯಲಿಲ್ಲ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಕೈಗೆತ್ತಿಕೊಂಡ ಮೇಲೆ, 2005ರಲ್ಲಿ, 54 ವರ್ಷದ ನಂತರ ಹೊರಗೆ ಬಂದರು.  ನಮ್ಮ ಬೆಂಗಳೂರಿನ ಕೇಂದ್ರ ಕಾರಾಗೃಹದಿಂದ 1980ರ ದಶಕದಲ್ಲಿ ರಾಮಮೂರ್ತಿ ಎಂಬ ಬಂದಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಕಾಗದ ಬರೆದರು. ಅದನ್ನೇ ಕೋರ್ಟು ಅರ್ಜಿಯೆಂದು ತಗೊಂಡು, ಜಿಲ್ಲಾ ನ್ಯಾಯಾಧೀಶರನ್ನು ಜೈಲಿಗೆ ಕಳಿಸಿ, 1996ರಲ್ಲಿ ತೀರ್ಪು ಕೊಟ್ಟಿತು. ಬಂದಿಗಳ ಆರೋಗ್ಯದ ಕಡೆಗಣನೆ, ಜೈಲು ಭೇಟಿಗಳನ್ನು ಸರಿಪಡಿಸುವುದು, ಎರಡೂ ಆ ತೀರ್ಪು ಪಟ್ಟಿ ಮಾಡಿದ ಮುಖ್ಯ ಸಮಸ್ಯೆಗಳಲ್ಲಿ ಇವೆ. ಒಂದು ಕಾಗದ ಓದಿ ಒಬ್ಬ ನ್ಯಾಯಾಧೀಶರು ಎದ್ದು ಜೈಲಿಗೆ ಹೋದ ಉದಾಹರಣೆ ನಮ್ಮಲ್ಲೇ ಇದೆ ಎಂದು ನೆನಪಿಸಲು ಇದನ್ನು ಹೇಳಿದೆ.

ತಮ್ಮ ಈಗ ಮನೆಯಲ್ಲಿದ್ದಾನೆ. ಆ ಪುಟ್ಟ ಬಿಳಿ ಮಾತ್ರೆ ಮತ್ತೆ ಶುರುವಾಗಿದೆ, ಕೈ ನಡುಕ ಬಹಳ ಮಟ್ಟಿಗೆ ಇಳಿದಿದೆ. ಅವನು ಹೇಳಿದ ಪ್ರಕಾರ ಅವನಿದ್ದ ಬ್ಯಾರಕ್ಕಿನಲ್ಲೇ ಇನ್ನೂ ಮೂವರು ಅವನ ಹಾಗೇ ರಾತ್ರಿ ಮಾತಾಡುತ್ತಿದ್ದರು. ಒಬ್ಬರಿಗೆ ಊರೇ ನೆನಪಿಲ್ಲ, ನೋಡಲು ಯಾರೂ ಬರುತ್ತಿರಲಿಲ್ಲವಂತೆ. ಅವರ ಹೆಸರು ನಾನಿಲ್ಲಿ ಬರೆಯುವುದಿಲ್ಲ. ನೀವು ಹೋಗಿ ಕೇಳಿದರೆ ಸಿಗುತ್ತಾರೆ.

ಎರಡೂ ಕಾಗದಗಳ ನಕಲನ್ನು, ತಮ್ಮನ ಒಪ್ಪಿಗೆ ಪಡೆದು, ಹೆಸರು ಮರೆಮಾಡಿ ಅಂಚೆಯಲ್ಲಿ ಪ್ರಾಧಿಕಾರಕ್ಕೆ ಕಳಿಸಿದ್ದೇನೆ. ಮುಂದಿನ ಮೂರು ತಿಂಗಳ ವರದಿ ನಿಮ್ಮ ಮೇಜಿಗೆ ಬರುವ ಮೊದಲು ಒಂದು ಉತ್ತರ ಕೊಡಿ ಎಂದು ಕೇಳಿಕೊಳ್ಳುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ವಿಚಾರಣಾ ಬಂದಿಯ ಅಕ್ಕ
(ಕೇಸು ಇನ್ನೂ ನಡೆಯುತ್ತಿರುವುದರಿಂದ ಹೆಸರು ಹಾಕಿಲ್ಲ. ಪ್ರಾಧಿಕಾರಕ್ಕೆ ಕಳಿಸಿದ ಪ್ರತಿಯಲ್ಲಿ ನನ್ನ ಹೆಸರು, ವಿಳಾಸ, ಸಹಿ ಇವೆ.)